ಶರಾವತಿಯ ಜೊತೆ ಘಟ್ಟ ಇಳಿದು ಹೊನ್ನಾವರಕ್ಕೆ

ಸಾಗರದವರಾದ ನಮಗೆ ಕಡಲು ದೂರವೇನಲ್ಲ. ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಹೊರಟರೆ ಸುಮಾರು 90 ಕಿಲೋಮೀಟರಿಗೆ ಹೊನ್ನಾವರ ಸಿಗುತ್ತದೆ. ಆದರೆ ನಮ್ಮ ಕಡೆಯವರು ಹೆಚ್ಚಾಗಿ ಬೆಳಗ್ಗೆ ಹೊರಟು, ಇಡಗುಂಜಿಯಲ್ಲಿ ಗಣಪತಿಗೆ ಕೈಮುಗಿದು, ಮುರ್ಡೇಶ್ವರದ ಜನಜಂಗುಳಿಯಲ್ಲಿ ಎರಡು ಗಂಟೆ ಕಳೆದು, ರಾತ್ರಿಯೊಳಗೆ ಮನೆ ಸೇರಿಬಿಡುತ್ತಾರೆ. ನಾವೂ ಹಲವು ವರ್ಷ ಹಾಗೆಯೇ ಮಾಡಿದ್ದೆವು. ಕಳೆದ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ ಹೊನ್ನಾವರದಲ್ಲಿಯೇ ಎರಡು ರಾತ್ರಿ ಉಳಿದೆವು. ಅಮ್ಮನ ತವರು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಹೋದ ಊರು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರು ಚಿಕ್ಕ ಹುಡುಗಿ. ಅದೇ ಶರಾವತಿ ಕಡಲು ಸೇರುವ ಅಳಿವೆಯನ್ನು ಅವರು ಬಸ್ಸಿನ ಕಿಟಕಿಯಿಂದ ಕಂಡಿದ್ದರೇ ಹೊರತು, ದಡದಲ್ಲಿ ನಿಂತು ನೋಡಿರಲಿಲ್ಲ.

ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಮಾರ್ಚ್ ದಾಟಿದರೆ ಮಲೆನಾಡಿನ ತಂಪಿಗೆ ಒಗ್ಗಿದ ಮೈಗೆ ಕರಾವಳಿಯ ಸೆಕೆ ತಡೆಯದು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ, ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಭಯವೂ ಇರುತ್ತದೆ. ಮಾವಿನಗುಂಡಿ ದಾಟಿದ ಮೇಲೆ ಗೇರುಸೊಪ್ಪೆಯವರೆಗೆ ಸಿಗುವ ಮಲೆಮನೆ ಘಾಟಿಯಲ್ಲಿ ತಿರುವಿನ ಮೇಲೆ ತಿರುವುಗಳಿರುವುದರಿಂದ, ತಲೆ ಸುತ್ತುವವರಿಗೆ ಬೆಳಗಿನ ತಿಂಡಿ ಹಗುರವಾಗಿರಲಿ. ಸಿಂಗಳೀಕಗಳಿರುವ ಕಾಡು ಇದು. ರಸ್ತೆ ಬದಿಗೆ ಬಂದ ಮಂಗಗಳಿಗೆ ದಯವಿಟ್ಟು ಏನನ್ನೂ ಎಸೆಯಬೇಡಿ. ಸ್ವಂತ ವಾಹನವಿಲ್ಲದವರು ರೈಲಿನಲ್ಲಿ ತಾಳಗುಪ್ಪದವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿಯಬಹುದು.

ತಂಗುವ ಜಾಗದ ವಿಷಯದಲ್ಲಿ ನಾವು ಮೋಸ ಹೋದೆವು. ಚಿತ್ರಗಳನ್ನು ನೋಡಿ ಕಡಲ ದಂಡೆಯದೆಂದು ನಂಬಿ ಕಾದಿರಿಸಿದ ಕೋಣೆ ಹೆದ್ದಾರಿಯ ಅಂಚಿಗಿತ್ತು. ರಾತ್ರಿಯಿಡೀ ಲಾರಿಗಳ ಸದ್ದಿಗೆ ಅಮ್ಮನಿಗೆ ನಿದ್ದೆ ಬರಲಿಲ್ಲ. ಮರುದಿನ ಕಾಸರಕೋಡಿನ ಒಂದು ಮನೆಯ ಹಿಂಭಾಗದ ಕೋಣೆಗೆ ಹೋದೆವು, ಅಲ್ಲಿ ಅಲೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ಫೋನು ಮಾಡಿ, ನಡೆದು ಹೋದರೆ ಮರಳಿಗೆ ಎಷ್ಟು ಹೊತ್ತು, ಕಿಟಕಿ ಯಾವ ಕಡೆಗಿದೆ ಎಂದು ಕೇಳಿಕೊಳ್ಳಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಈ ಊರು ನಿಜಕ್ಕೂ ಶಾಂತವಾಗಿರುತ್ತದೆ.

ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಈಜಲು ಗುರುತು ಮಾಡಿದ ಜಾಗದಲ್ಲಿ ಮಾತ್ರ ನೀರಿಗೆ ಇಳಿಯಿರಿ. ಕೆರೆಯಲ್ಲಿಯೂ ಹೊಳೆಯಲ್ಲಿಯೂ ಈಜು ಕಲಿತ ನಮ್ಮೂರ ಹುಡುಗರಿಗೆ ಕಡಲ ಸೆಳೆತದ ಅಂದಾಜು ಇರುವುದಿಲ್ಲ. ಅದರಲ್ಲೂ ಅಳಿವೆಯ ಹತ್ತಿರ ಹೊಳೆಯ ಹರಿವು ಮತ್ತು ಇಳಿತ ಒಟ್ಟಾಗಿ ಎಳೆಯುವಾಗ ಎಂಥ ಈಜುಗಾರನೂ ನಿಲ್ಲಲಾರ. ಹಿರಿಯರಿದ್ದರೆ ಅರಣ್ಯ ಇಲಾಖೆಯವರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಟ್ಟಿಸಿರುವ ಮರದ ನಡೆದಾರಿಗೆ ಬಿಸಿಲೇರುವ ಮೊದಲು, ಉಬ್ಬರದ ಹೊತ್ತು ನೋಡಿಕೊಂಡು ಹೋಗಿ. ನೀರು ಬೇರುಗಳ ಬುಡಕ್ಕೆ ಏರಿರುವಾಗ ಅದರ ಚೆಲುವೇ ಬೇರೆ. ಅಪ್ಸರಕೊಂಡದ ಜಲಪಾತಕ್ಕೆ ಮೆಟ್ಟಿಲಿಳಿಯಬೇಕಾದ್ದರಿಂದ ಅಮ್ಮ ಬರಲಿಲ್ಲ. ಗುಡ್ಡದ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡಿದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾದದ್ದು ದೋಣಿಯ ಪಯಣಕ್ಕೆ. ಹತ್ತುವ ಮೊದಲೇ ಬಾಡಿಗೆಯನ್ನೂ ಸಮಯವನ್ನೂ ಮಾತಾಡಿಕೊಳ್ಳಿ, ಎಲ್ಲರಿಗೂ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ನಾವು ಬೆಳಗ್ಗೆ ಏಳಕ್ಕೆ ಹೊರಟೆವು. ಹೊಳೆಯ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆಯ ಸೇತುವೆ, ಅದರ ಕೆಳಗೆ ಕುರುವೆಗಳ, ಅಂದರೆ ಹೊಳೆಯ ನಡುಗಡ್ಡೆಗಳ, ತೆಂಗಿನ ತೋಟಗಳು. ಅಮ್ಮ ಕೈ ಅದ್ದಿ ನಾಲಿಗೆಗೆ ಹಚ್ಚಿಕೊಂಡು, "ಇಲ್ಲಿ ಉಪ್ಪೇ ಇಲ್ವಲ್ಲಪ್ಪ" ಎಂದರು. ದೋಣಿಯವನು, "ಮೇಲೆ ಕರೆಂಟು ತೆಗೆದು ನೀರು ಬಿಟ್ಟ ಹಾಗೆ ಉಪ್ಪು ಹಿಂದೆ ಸರೀತದೆ ಅಮ್ಮಾ" ಎಂದ. ವಿದ್ಯುತ್ ಉತ್ಪಾದನೆಗಾಗಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿದೆ. ಅಣೆಕಟ್ಟೇ ಇಲ್ಲದ ಪಕ್ಕದ ಅಘನಾಶಿನಿಯಲ್ಲಿ ಹೇರಳವಾಗಿ ಸಿಗುವ ಚಿಪ್ಪಿಕಲ್ಲು (ತಿನ್ನುವ ಕಪ್ಪೆಚಿಪ್ಪು) ಇಲ್ಲಿ ಕಡಿಮೆಯಾಗಿರುವುದಕ್ಕೆ ಅದೇ ಕಾರಣ. ತಮ್ಮ ಊರನ್ನು ಮುಳುಗಿಸಿದ ನೀರು ಇಲ್ಲಿಯವರೆಗೂ ಬಂದು ಇನ್ನೊಬ್ಬರ ಬದುಕನ್ನು ಮುಟ್ಟಿದೆಯೆಂದು ಅಮ್ಮನಿಗೆ ಅಂದೇ ತಿಳಿದದ್ದು. ಆಮೇಲೆ ದಡ ಸೇರುವವರೆಗೂ ಅವರು ಹೆಚ್ಚು ಮಾತಾಡಲಿಲ್ಲ.

ಮರಳುವಾಗ ಮಧ್ಯಾಹ್ನದ ಊಟ ಮುಗಿಸಿ ತಕ್ಷಣ ಹೊರಡಿ. ಗೇರುಸೊಪ್ಪೆಯಲ್ಲಿ ಹೊಳೆಯಾಚೆ ಕಾಡಿನ ನಡುವೆ ಇರುವ ಚತುರ್ಮುಖ ಬಸದಿಗೆ ಒಂದು ಗಂಟೆ ಬೇಕು. ಘಟ್ಟದ ಕಾಳುಮೆಣಸಿನ ವ್ಯಾಪಾರದಿಂದ ಹೆಸರಾದ ರಾಣಿ ಚೆನ್ನಭೈರಾದೇವಿಯ ಊರು ಅದು. ಅಲ್ಲಿಂದ ನಾಲ್ಕು ಗಂಟೆಗೆ ಹೊರಟರೆ ಕತ್ತಲಾಗುವ ಮೊದಲೇ ಘಟ್ಟ ಹತ್ತಿ ಮಾವಿನಗುಂಡಿ ಸೇರಬಹುದು.