ಸ್ಪ್ಯಾನಿಷ್ ಡೆಕ್: 'ಅಲ್ಲಿ'ಯ ಕಾಟ ಕೊನೆಗೂ ತಪ್ಪಿತು

ಅಂಗಡಿಯಲ್ಲಿ ದುಡ್ಡು ಕೊಡುವ ಮಾತುಗಳ ಆಂಕಿ ಡೆಕ್ ಈ ವಾರ ದಾರಿಗೆ ಬಂತು. (ಆಂಕಿ ಅಂದರೆ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ ಇರುವ ಕಾರ್ಡ್‌ಗಳನ್ನು ತಿರುವಿ ಕಲಿಯುವ ಆಪ್; ಡೆಕ್ ಅಂದರೆ ಆ ಕಾರ್ಡ್‌ಗಳ ಕಟ್ಟು.) ಸಂಖ್ಯೆ, ಬೆಲೆ ಎಲ್ಲ ಹಳೆಯ ಡೆಕ್‌ನಲ್ಲೇ ಮುಗಿದಿವೆ. ಸತಾಯಿಸಿದ್ದು ಒಂದೇ ಕಾರ್ಡ್.

'ಕಾರ್ಡಲ್ಲಿ ಕೊಡಬಹುದಾ?' ಎಂದು ಕಂಡಾಗಲೆಲ್ಲ ಬಾಯಿಗೆ ಬರುತ್ತಿದ್ದುದು 'ಪ್ವೇದೊ ಪಗಾರ್ ಎನ್ ತರ್ಹೇತಾ'. 'ಎನ್' ಅಂದರೆ ನಮ್ಮ 'ಅಲ್ಲಿ'. ಸರಿಯಾದದ್ದು 'ಕೊನ್ ತರ್ಹೇತಾ'. ನಗದಿಗೆ 'ಎನ್ ಎಫೆಕ್ತಿಬೊ'. ಎಷ್ಟು ಸಲ ತಿರುವಿದರೂ ಅದೇ ತಪ್ಪು. ದೋಷವಿದ್ದದ್ದು ಕಾರ್ಡಿನ ಕನ್ನಡ ಬದಿಯಲ್ಲಿ! ನಾವು ಕಾರ್ಡಲ್ಲೂ ಕೊಡುತ್ತೇವೆ, ಕ್ಯಾಶಲ್ಲೂ ಕೊಡುತ್ತೇವೆ, ಎರಡಕ್ಕೂ ಸಪ್ತಮಿ ವಿಭಕ್ತಿಯ 'ಅಲ್ಲಿ'. ಸ್ಪ್ಯಾನಿಷ್‌ಗೆ ಕಾರ್ಡ್ ಒಂದು ಸಾಧನ, ಅದಕ್ಕೆ ಬೇಕಿರುವುದು ತೃತೀಯೆಯ 'ಇಂದ'. ಪ್ರಶ್ನೆಯನ್ನು 'ಕಾರ್ಡಿನಿಂದ ಕೊಡಬಹುದಾ?' ಎಂದು ತಿದ್ದಿದ ಮೇಲೆ 'ಕೊನ್' ತಾನಾಗಿ ಬಂತು. ಕಿವಿಗೆ ಒರಟು, ಆದರೆ ಕೆಲಸ ಮಾಡುತ್ತದೆ. ಐವತ್ತರ ನೋಟಿಗೂ ಇದೇ: 'ಕೊನ್ ಉನ್ ಬಿಯೇತೆ ದೆ ಸಿಂಕ್ವೆಂತಾ'.

ದುಡ್ಡು ಕೊಡುವುದು ಎಂಬ ಅರ್ಥದ 'ಪಗಾರ್' ಕಲಿಯಲು ಆಂಕಿ ಕಾರ್ಡೇ ಬೇಡ. ಉತ್ತರ ಕರ್ನಾಟಕದ 'ಪಗಾರ' ಪೋರ್ಚುಗೀಸಿನ ಇದೇ ಕ್ರಿಯಾಪದದಿಂದ ಬಂದದ್ದು.

ಇನ್ನು ಕೇಳಿಸಿಕೊಳ್ಳುವುದು. ದುಡ್ಡಿಗೆ ಸಿಗುವ ಸಿದ್ಧ ಡೆಕ್‌ಗಳ ಮೇಲೆ ಸಿಟ್ಟು ಬರುವುದು ಇಲ್ಲೇ. 'ಅಸೆಪ್ತಾ ಉಸ್ತೇದ್ ತರ್ಹೇತಾಸ್ ದೆ ಕ್ರೇದಿತೊ' (ನೀವು ಕ್ರೆಡಿಟ್ ಕಾರ್ಡ್ ತಗೊಳ್ತೀರಾ) ಎಂದು ಉದ್ದಕ್ಕೆ ಓದಿಸುತ್ತವೆ. ಕೌಂಟರಿನವರ ಪ್ರಶ್ನೆಯೇ ಇರುವುದಿಲ್ಲ. ಅವರು ಕೇಳುವುದು 'ತರ್ಹೇತಾ ಒ ಎಫೆಕ್ತಿಬೊ?' ಆ, ಒ, ಎ ಮೂರೂ ಒಂದೇ ಉಸಿರಲ್ಲಿ. ನಮ್ಮ ಆಗಮಸಂಧಿಯ ಯಕಾರ, ವಕಾರ ನಡುವೆ ಬರದ ಕಾರಣ ಪದ ಎಲ್ಲಿ ಮುಗಿಯಿತೆಂದೇ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಮುಂಬದಿಯಲ್ಲಿ ಬರೀ ಧ್ವನಿ, ಒಂದು ಅಕ್ಷರವೂ ಇಲ್ಲ. ಹಿಂಬದಿಯಲ್ಲಿ ಉತ್ತರ: 'ಕೊನ್ ತರ್ಹೇತಾ, ಪೊರ್ ಫಾಬೋರ್'. ಹೋಟೆಲಿನಲ್ಲಿ 'ಮೆ ಕೋಬ್ರಾ?' ಸಾಕು. 'ದುಡ್ಡು ತಗೊಳ್ತೀರಾ?' ಎಂಬ ನಮ್ಮ ಮಾತೇ ಅದು.

ಸ್ವೈಪ್ ಮಷೀನು ಸ್ಪೇನಿನಲ್ಲಿ 'ದತಾಫೊನೊ', ಮೆಕ್ಸಿಕೊದಲ್ಲಿ 'ತೆರ್ಮಿನಾಲ್', ಅರ್ಜೆಂಟೀನಾದಲ್ಲಿ 'ಪೊಸ್ನೆಟ್'. ಸ್ಪೇನಿನಲ್ಲಿ ಅದು ಯೂರೊನಾ, ರೂಪಾಯಿನಾ ಎಂದು ಕೇಳಿದರೆ 'ಎನ್ ಎಉರೋಸ್' ಎನ್ನಿ. ಇಲ್ಲಿ ಸಪ್ತಮಿಯೇ ಸರಿ. ರೂಪಾಯಿ ಆರಿಸಿದರೆ ವಿನಿಮಯ ದರ ಮಷೀನಿನ ಕಡೆಯವರದು, ಸಾಮಾನ್ಯವಾಗಿ ದುಬಾರಿ. ಇನ್ನೊಂದು: 2020ರ ಮಾರ್ಚ್‌ನಿಂದ ಭಾರತದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಇರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆಪ್‌ನಲ್ಲಿ ತೆರೆಯಬೇಕು.

ಮುಂದಿನದು ಅರ್ಜೆಂಟೀನಾ ಡೆಕ್. ಅಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟರೆ 'ಎನ್ ಕ್ವಾಂತಾಸ್ ಕ್ವೋತಾಸ್?' ಎಂದು ಕೇಳುತ್ತಾರೆ, ಅಂದರೆ ಎಷ್ಟು ಕಂತು. ಒಂದೇ ಸಲಕ್ಕಾದರೆ 'ಎನ್ ಉನ್ ಪಾಗೊ'. ಇದರ ಕನ್ನಡ ಬದಿಗೆ 'ಒಂದೇ ಕಂತಿನಲ್ಲಿ' ಎಂದು ಈಗಲೇ ಬರೆದಾಗಿದೆ.