ಸೊಪ್ಪಿನ ಬೆಟ್ಟದ ಹಳದಿ ಹೂ: ಗುರುತಿನ ಕೆಲಸ ಎಲ್ಲಿಗೆ ಬಂತು

ಮೇ ಕೊನೆ

ತೀರ್ಥಹಳ್ಳಿ ಕಡೆಯ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯುವ ಕಾಡಿನಲ್ಲಿ, ಜೋರು ಮಳೆ ಬಿದ್ದಿದೆ. ದರಗಿನ (ಒಣಗಿ ಬಿದ್ದ ಎಲೆಗಳ) ನಡುವೆ ಹಸಿರು ಎಲೆಗಳು ಎದ್ದಿವೆ, ಹೂವು ಇನ್ನೂ ಇಲ್ಲ. ಎಲೆ ಉದ್ದಕ್ಕಿದೆ, ಅಗಲ ಎರಡು ಬೆರಳಿಗಿಂತ ಕಡಿಮೆ. ಉದ್ದಕ್ಕೂ ನೆರಿಗೆ. ದೂರದಿಂದ ನೋಡಿದರೆ ಅಡಿಕೆ ಸಸಿಯ ಹಾಗೇ ಇದೆ. ಕೆಲವು ಎಲೆಗಳ ತುದಿ ಬಾಗಿ ಮಣ್ಣು ಮುಟ್ಟಿದೆ. ಒಂದೆರಡು ಕಡೆ ಆ ತುದಿಯಲ್ಲೇ ಬೇರು ಬಿಟ್ಟು ಪುಟ್ಟ ಗಿಡ ಹುಟ್ಟಿದೆ. ಇದು ನೆಲತಾಳೆ ಎಂಬ ಔಷಧಿ ಗಿಡ ಇರಬೇಕು ಅನ್ನೋ ಅನುಮಾನ ಇಲ್ಲಿಂದಲೇ ಶುರುವಾಯಿತು.

ಜೂನ್, ಮಳೆ ಹಿಡಿದ ಮೇಲೆ

ಹೂ ಬಂತು! ನೆಲಕ್ಕೆ ಅಂಟಿಕೊಂಡಂತೆ, ಎಲೆಗಳ ಬುಡದಲ್ಲಿ, ಅಚ್ಚ ಹಳದಿ ನಕ್ಷತ್ರ. ಆರು ಎಸಳು, ಆರು ಕೇಸರ. ಹೊರಗಿನ ಎಸಳುಗಳ ಬೆನ್ನಿನಲ್ಲಿ ರೋಮ. ಉಂಬಳ ಹತ್ತಿದರೂ ಏಳಲು ಮನಸ್ಸು ಬರಲಿಲ್ಲ, ಅಷ್ಟು ಚಂದ.

ಆದರೆ ಆರು ಎಸಳು ಎಣಿಸಿದರೆ ಸಾಲದು. ನೆಲತಾಳೆಯ ಕುಟುಂಬದ್ದೇ ಆದ ಹೈಪಾಕ್ಸಿಸ್ ಆರಿಯಾ ಅನ್ನೋ ಗಿಡ ಕೂಡ ಪಶ್ಚಿಮ ಘಟ್ಟದಲ್ಲಿದೆ. ಅದಕ್ಕೂ ಆರು ಹಳದಿ ಎಸಳು. ಮೇಲಿನಿಂದ ತೆಗೆದ ಫೋಟೋದಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ. ಎಲ್ಲರೂ ಹಾಕೋದು ಅದೇ ಫೋಟೋ, ಅಲ್ವಾ? ಹಾಗಾಗಿ ಮೊಬೈಲನ್ನು ನೆಲಕ್ಕೇ ಇಟ್ಟು ಪಕ್ಕದಿಂದ ತೆಗೆದೆ. ಉತ್ತರ ಸಿಕ್ಕಿದ್ದು ಅಲ್ಲಿ.

ಹೈಪಾಕ್ಸಿಸ್‌ನಲ್ಲಿ ಹೂವಿನ ದಂಟು ನೆಲದಿಂದ ಮೇಲೆ ಬರುತ್ತದೆ. ಹೂವಿನ ಕೆಳಗೇ, ಕಣ್ಣಿಗೆ ಕಾಣುವಂತೆ, ರೋಮ ತುಂಬಿದ ಅಂಡಾಶಯ (ಮುಂದೆ ಕಾಯಿ ಆಗುವ ಭಾಗ) ಇರುತ್ತದೆ. ನಮ್ಮ ಗಿಡದಲ್ಲಿ ಹೂವಿನ ಕೆಳಗೆ ಅಂಥದ್ದೇನೂ ಇಲ್ಲ, ಬರೀ ಸಣ್ಣ ಕಡ್ಡಿ. ಅದು ತೊಟ್ಟು ಅಂತ ಅನಿಸುತ್ತದೆ, ಆದರೆ ತೊಟ್ಟಲ್ಲ. ಅಂಡಾಶಯದ ಕತ್ತೇ ಅಷ್ಟು ಉದ್ದ ಬೆಳೆದಿದೆ. ಅಂಡಾಶಯ ಕೆಳಗೆ, ಎಲೆಗಳ ಬುಡದಲ್ಲಿ ಅಡಗಿದೆ. ದರಗನ್ನು ಬೆರಳಿನಿಂದ ಸರಿಸಿ, ಹೊರಗಿನ ಎಲೆಬುಡವನ್ನು ಸ್ವಲ್ಪ ಬಾಗಿಸಿದರೆ ಕಾಣುತ್ತದೆ. ಎಲೆಯ ವ್ಯತ್ಯಾಸವೂ ಇದಕ್ಕೆ ಹೊಂದುತ್ತದೆ: ಹೈಪಾಕ್ಸಿಸ್‌ನ ಎಲೆ ಹುಲ್ಲಿನಷ್ಟು ಸಪೂರ.

ಹಾಗಾಗಿ ಇದು ನೆಲತಾಳೆ, ಕರ್ಕ್ಯುಲಿಗೋ ಆರ್ಕಿಯಾಯ್ಡಿಸ್. ಆಯುರ್ವೇದದಲ್ಲಿ ತಾಳಮೂಲಿ ಅನ್ನುವುದು ಇದನ್ನೇ.

ಜೂನ್ ಕೊನೆ

ಫೋಟೋ ನೋಡಿದ ಗೆಳೆಯರೊಬ್ಬರು ಗಡ್ಡೆ ಕಿತ್ತು ನೋಡಿ ಖಚಿತ ಮಾಡಿಕೊಳ್ಳಿ ಅಂದರು. ನಾನು ಕೀಳಲಿಲ್ಲ, ಕೀಳುವುದೂ ಇಲ್ಲ. ಗಡ್ಡೆ ನೇರವಾಗಿ ಕೆಳಕ್ಕೆ ಇಳಿದಿರುತ್ತದೆ, ಹೊರಗೆ ಕಪ್ಪು, ಒಳಗೆ ಬಿಳಿ. ಅದು ಗೊತ್ತಿರುವ ವಿಷಯ. ಅದನ್ನು ಮತ್ತೆ ನೋಡೋಕೆ ಒಂದು ಗಿಡ ಸಾಯಬೇಕಾ? ಔಷಧಿಗೆ ಅಂತ ಕಾಡಿನಿಂದ ಕೀಳೋದು ಈಗಾಗಲೇ ಜಾಸ್ತಿ ಇದೆ. ಗಡ್ಡೆ ಕಿತ್ತರೆ ಗಿಡವೇ ಹೋಯಿತು. ಹೂ, ಎಲೆ, ಎಲೆಬುಡ ಈ ಮೂರೇ ಗುರುತಿಗೆ ಸಾಕು. ಹೊಸದಾಗಿ ನೋಡುವವರಿಗೆ ನಾನು ಹೇಳೋದೂ ಇದನ್ನೇ.

ಇನ್ನೊಂದು ಗಮನಿಸಿದೆ. ಒಂದೇ ಗೊಂಚಲಿನಲ್ಲಿ ಕೆಳಗಿನ ಹೂಗಳಲ್ಲಿ ಕೇಸರದ ಜೊತೆ ತುದಿ ಮೂರಾಗಿ ಸೀಳಿದ ಶಲಾಕೆಯೂ, ಅಂದರೆ ಹೆಣ್ಣು ಭಾಗವೂ, ಇದೆ. ಮೇಲಿನ ಹೂಗಳಲ್ಲಿ ಬರೀ ಗಂಡು ಭಾಗ. ಲೆನ್ಸ್ ಇಟ್ಟು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಮುಂದಿನ ಕೆಲಸ

ಕಾಯಿ ನೋಡಬೇಕು. ಜರ್ಮನ್ ಸಸ್ಯವಿಜ್ಞಾನಿ ಜೋಸೆಫ್ ಗೇರ್ಟ್ನರ್ 1788ರಲ್ಲಿ ಈ ಗಿಡಕ್ಕೆ ಹೆಸರಿಟ್ಟಿದ್ದು ಹಣ್ಣು, ಬೀಜಗಳ ಅಧ್ಯಯನದಲ್ಲೇ. ಬೀಜ ಕಪ್ಪಗೆ ಹೊಳೆಯುತ್ತದೆ, ಒಂದು ಕಡೆ ಸಣ್ಣ ಕೊಕ್ಕು. ಹೈಪಾಕ್ಸಿಸ್‌ನ ಕಾಯಿ ಬಿಚ್ಚಿಕೊಳ್ಳುತ್ತದೆ, ಇದರದ್ದು ಬಿಚ್ಚುವುದಿಲ್ಲ. ಎರಡು ಬುಡಗಳ ಪಕ್ಕ ಬಿದಿರು ಕಡ್ಡಿ ನೆಟ್ಟು ಗುರುತು ಮಾಡಿದ್ದೇನೆ. ಸೊಪ್ಪು ಕೊಯ್ಯುವವರಿಗೂ ಆ ಜಾಗ ಬಿಡಿ ಅಂತ ಹೇಳಿದ್ದಾಗಿದೆ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕಾಯಿಯ ಫೋಟೋ ತೆಗೆದು ಇಲ್ಲಿಗೆ ಸೇರಿಸುತ್ತೇನೆ.