ಮಾವ ನೋಡಿದ ಚುಕ್ಕೆ

ಕಳೆದ ಭಾನುವಾರ ಮಾವ ಆಡಿದ ಒಂದು ಮಾತು ಇನ್ನೂ ಕಿವಿಯಲ್ಲೇ ಕೂತಿದೆ. ಕೆಂಪೇಗೌಡ ರಸ್ತೆಯಲ್ಲಿ, ಸಾಗರ್ ಟಾಕೀಸ್ ಇದ್ದ ಜಾಗದ ಹತ್ತಿರ ನಿಂತು ಕೇಳಿದ್ದೆ: "ಮಾವ, ಇಷ್ಟು ವರ್ಷದಲ್ಲಿ ನೀವು ನೋಡಿದ ಸಿನಿಮಾಗಳಲ್ಲಿ ಯಾವುದು ತುಂಬಾ ಇಷ್ಟ?"

"ನಾನೆಲ್ಲಿ ಸಿನಿಮಾ ನೋಡ್ದೆ ಕಣೋ? ನಾನು ಚುಕ್ಕೆ ನೋಡ್ದೋನು."

ಒಂದು ವರ್ಷದಿಂದ ಬೆಂಗಳೂರಿನ ಹಳೇ ಟಾಕೀಸುಗಳ ವಿವರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆ ಕಂಡಿದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಅದು ಈಗಿಲ್ಲ. ಎಂ.ಜಿ. ರಸ್ತೆಯಲ್ಲಿ 1936ರ ಪ್ಲಾಜಾ ಇದ್ದ ಕಡೆ ಮೆಟ್ರೊ ನಿಲ್ದಾಣ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. 1968ರ ಕಪಾಲಿಯ ಜಾಗದಲ್ಲಿ ಮಾಲ್ ಎದ್ದಿದೆ. ಕಂಡಕ್ಟರುಗಳು ದಿನಕ್ಕೆ ನೂರು ಸಲ ಕೂಗುವ 'ಮೆಜೆಸ್ಟಿಕ್' ಕೂಡ ಒಂದು ಟಾಕೀಸಿನ ಹೆಸರೇ. ಟಾಕೀಸು ಹೋಯಿತು, ಹೆಸರು ಬಸ್ ನಿಲ್ದಾಣಕ್ಕೆ ಉಳಿಯಿತು.

ಇಷ್ಟೆಲ್ಲ ಬರೆದವನಿಗೆ ನಮ್ಮ ಮನೆಯಲ್ಲೇ ಇರುವ ಮಾವನನ್ನು ಕೇಳಬೇಕು ಅಂತ ಈವರೆಗೆ ಹೊಳೆದಿರಲಿಲ್ಲ. ಅಮ್ಮನ ತಮ್ಮ. 1974ರಲ್ಲಿ, ಹದಿನಾರನೇ ವಯಸ್ಸಿಗೆ, ಮಂಡ್ಯ ಕಡೆಯಿಂದ ಬಂದು ಇದೇ ರಸ್ತೆಯ ಒಂದು ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದವರು. ಮುಂದೆ ಆಪರೇಟರ್ ಆದರು. ಟಾಕೀಸಿನ ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ನಡೆಯುತ್ತಾ ಬಂದೆವು. ಹಿಮಾಲಯ, ಕೆಂಪೇಗೌಡ, ಮೇನಕಾ, ಅಲಂಕಾರ್ ಅಂತ ನಾನು ಹೆಸರು ಹೇಳುತ್ತಿದ್ದೆ. ಮಾವ ಹೂಂಗುಟ್ಟುತ್ತಿದ್ದರು. ಆದರೆ ಚುಕ್ಕೆಯ ಮಾತು ಬಂದ ಮೇಲೆ ಅವರ ನಡಿಗೆಯೇ ನಿಂತುಹೋಯಿತು. ಫುಟ್‌ಪಾತಿನ ಮೇಲೆ, ಜನ ಮೈಗೆ ತಾಗಿಕೊಂಡು ಹೋಗುತ್ತಿರುವಾಗಲೇ, ಗಾಳಿಯಲ್ಲಿ ಎರಡು ಪ್ರೊಜೆಕ್ಟರ್ ಮೆಷಿನ್ ನಿಲ್ಲಿಸಿದರು. ಎಡಗೈಗೊಂದು, ಬಲಗೈಗೊಂದು.

ಒಂದು ಮೆಷಿನ್‌ನಲ್ಲಿ ರೀಲು ಓಡುತ್ತಿರುವಾಗ ಇನ್ನೊಂದರಲ್ಲಿ ಮುಂದಿನದನ್ನು ಏರಿಸಿಟ್ಟಿರಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮೆಷಿನ್‌ನ ಮೋಟಾರ್ ಆನ್. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಈ ಮೆಷಿನ್‌ನ ಬೆಳಕು ಮುಚ್ಚಿ ಆ ಮೆಷಿನ್‌ನ ಬೆಳಕು ಬಿಡಬೇಕು. ಸೆಕೆಂಡಿಗೆ 24 ಚಿತ್ರ ಓಡುವ ಜಾಗದಲ್ಲಿ ಆ ಚುಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ತಪ್ಪಿದರೆ ಪರದೆ ಬರೀ ಬಿಳಿ. ಪ್ರಿಂಟು ಸವೆದು ಚುಕ್ಕೆ ಕಾಣದಂತಾಗಿದ್ದರೆ ಸೂಜಿಯಿಂದ ತಾವೇ ಗೀರಿಕೊಳ್ಳುತ್ತಿದ್ದರಂತೆ.

ಅದರ ಜೊತೆಗೆ ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ನಡುವೆ ವೆಲ್ಡಿಂಗ್‌ನ ಹಾಗೆ ಉರಿ, ಅದೇ ಮೆಷಿನ್‌ನ ಬೆಳಕು. ಕಡ್ಡಿ ಸವೆದ ಹಾಗೆಲ್ಲ ಹತ್ತಿರಕ್ಕೆ ತರುತ್ತಿರಬೇಕು, ಅಂತರ ಹೆಚ್ಚಾದರೆ ಚಿತ್ರ ಮಂಕಾಗುತ್ತದೆ. "ಅಷ್ಟೊತ್ತಿಗೆ ಕೆಳಗಿಂದ ಶಿಳ್ಳೆ ಶುರು. ಅಪ್ಪ ಅಮ್ಮ ಎಲ್ಲಾರ್ನೂ ಎತ್ತಿ ಬಯ್ಯೋರು. ಚೆನ್ನಾಗಿ ಓಡಿಸಿದ ದಿನ ಮೇಲೆ ಒಬ್ಬ ಇದಾನೆ ಅಂತಾನೇ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಅಂದರು ಮಾವ. ಹಾಗೆ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಮಾವನ ಮುಖ ನೋಡಲಾಗಲಿಲ್ಲ.

ಅಂದು ರಾತ್ರಿ ನೋಟ್‌ಬುಕ್ ತೆಗೆದು ಕೂತೆ. 'ಬಂಗಾರದ ಮನುಷ್ಯ' 1972ರಲ್ಲಿ ಬಿಡುಗಡೆಯಾಗಿ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿದ್ದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ರಾಜ್‌ಕುಮಾರ್ ಹೆಸರಿದೆ, ನಿರ್ದೇಶಕ ಸಿದ್ಧಲಿಂಗಯ್ಯನವರ ಹೆಸರಿದೆ. ಸ್ಟೇಟ್ಸ್ ಮುಂದೆ ಭೂಮಿಕಾ ಆಯಿತು ಅನ್ನುವುದೂ ಇದೆ. ದಿನಕ್ಕೆ ಮೂರೇ ಆಟ ಅಂದುಕೊಂಡರೂ ಎರಡು ವರ್ಷಕ್ಕೆ ಎರಡು ಸಾವಿರ ಆಟ ದಾಟುತ್ತದೆ. ಅಷ್ಟೂ ಆಟಗಳಲ್ಲಿ ಚುಕ್ಕೆಗಾಗಿ ಕಾದು ನಿಂತವರು ಯಾರು? ನನ್ನ ಪುಸ್ತಕದಲ್ಲಿ ಒಂದೇ ಒಂದು ಹೆಸರಿಲ್ಲ. ಟಾಕೀಸುಗಳ ಚರಿತ್ರೆ ಅಂತ ನಾವು ಬರೆಯುತ್ತಿರುವುದು ಕುರ್ಚಿಯಲ್ಲಿ ಕೂತವರ ನೆನಪು ಮಾತ್ರ. ನೂರು ದಿನ, ಕಟೌಟ್, ಬ್ಲಾಕ್ ಟಿಕೆಟ್, ಗಾಂಧಿ ಕ್ಲಾಸ್. ಅವೆಲ್ಲ ನನಗೂ ಪ್ರಿಯ. ಆದರೆ ರೀಲಿನ ಡಬ್ಬಿ ಹೊತ್ತು ಸೈಕಲ್ ತುಳಿದ ಹುಡುಗರು, ಸೆಕೆಂಡ್ ಶೋ ಮುಗಿದ ಮೇಲೆ ಕಸ ಗುಡಿಸಿದ ಹೆಂಗಸರು, ಕತ್ತಲಲ್ಲಿ ಟಾರ್ಚ್ ಹಿಡಿದು ನಮ್ಮನ್ನು ಸೀಟಿಗೆ ಕೂರಿಸಿದವರು ಇನ್ನೂ ಬದುಕಿದ್ದಾರೆ. ಅವರನ್ನು ಕೇಳದೆ ನಾನು ಗೋಡೆಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದೆ.

ಡಿಜಿಟಲ್ ಬಂದಾಗ ಮಾವನ ಕೆಲಸ ಹೋಯಿತು. ಮಾಲೀಕರ ಮೇಲೆ ಅವರಿಗೆ ಸಿಟ್ಟಿಲ್ಲ, ನನಗಿದೆ. ಮೂವತ್ತೆಂಟು ವರ್ಷ ದುಡಿದವರನ್ನು ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಅವರು ದಿನಾ ಒರೆಸಿ, ಎಣ್ಣೆ ಬಿಟ್ಟು, ವಾರಕ್ಕೊಮ್ಮೆ ಹೂ ಮುಡಿಸುತ್ತಿದ್ದ ಎರಡೂ ಮೆಷಿನ್‌ಗಳನ್ನು ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟರು. ತೂಕ ಹಾಕುವಾಗ ಮಾವ ಅಲ್ಲೇ ನಿಂತಿದ್ದರಂತೆ. ಆ ಮಾತನ್ನು ಅವರು ಮುಂದುವರಿಸಲಿಲ್ಲ.

ಮೊನ್ನೆ ಬುಧವಾರ ಊಟ ಆದ ಮೇಲೆ ಮೊಬೈಲಿನಲ್ಲಿ ಒಂದು ಹಳೇ ಕಪ್ಪು ಬಿಳುಪು ಚಿತ್ರ ಹಾಕಿ ಮಾವನ ಕೈಗೆ ಕೊಟ್ಟೆ. ಸವೆದ ಪ್ರಿಂಟಿನಿಂದ ತೆಗೆದದ್ದು, ತುಂಬ ಗೀರು. ಪಕ್ಕದಲ್ಲಿ ಕೂತು ನಾನು ಕತೆ ನೋಡುತ್ತಿದ್ದೆ. ಮಾವ ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿ, "ಬಂತು" ಅಂದರು. ನನಗೇನೂ ಕಾಣಲಿಲ್ಲ. ಅವರ ಬಲಗೈ ಮೊಬೈಲ್ ಬಿಟ್ಟು ಮೇಲಕ್ಕೆ ಹೋಯಿತು. ಒಂದು, ಎರಡು, ಮೂರು ಅಂತ ತುಟಿಯಲ್ಲೇ ಎಣಿಸಿದರು. ಏಳಕ್ಕೆ ಕೈ ಕೆಳಗಿಳಿಯಿತು, ಮೊಬೈಲಿನಲ್ಲಿ ದೃಶ್ಯ ಬದಲಾಯಿತು.